ಹಿತ್ತಲು ಮಾಡುತ್ತಿದ್ದ ಕೆಲಸ ಈಗ ನಮ್ಮದು: ಮನೆ ತುಂಬ ಬೆಕ್ಕು ಸಾಕಿದವರಿಗೊಂದು ಬಹಿರಂಗ ಪತ್ರ

ಮೈಸೂರು

ಮನೆಯೊಳಗೆ ಎರಡು, ಮೂರು, ಆರು ಬೆಕ್ಕು, ಜೊತೆಗೊಂದು ನಾಯಿಯೋ ಹಕ್ಕಿಯೋ ಸಾಕಿಕೊಂಡಿರುವ ನನ್ನ ಅಕ್ಕ ಅಣ್ಣ ತಂಗಿ ತಮ್ಮಂದಿರೇ,

ಹೋದ ತಿಂಗಳು ನನ್ನ ತಂಗಿಯ ಮಗಳ ಜೊತೆ ಬಾಡಿಗೆ ಮನೆ ನೋಡಲು ಹೋಗಿದ್ದೆ. ಅವಳ ಹತ್ತಿರ ಎರಡು ಬೆಕ್ಕಿವೆ. ಎರಡು ಕಡೆ ಬಾಗಿಲಲ್ಲೇ ಆಗುವುದಿಲ್ಲ ಎಂದರು. ಮೂರನೆಯ ಮನೆಯ ಮಾಲೀಕರು ವಯಸ್ಸಾದವರು, ಮೆದು ಮಾತಿನವರು. ನಮ್ಮನ್ನು ಒಳಗೆ ಕರೆದು, ಹಿಂದಿನ ಕೋಣೆಯ ಬಾಗಿಲು ತೆಗೆದು, "ಇಲ್ಲಿ ನಿಂತು ಒಂದ್ ನಿಮಿಷ ಉಸಿರು ತಗೊಳ್ಳಿ ತಾಯಿ" ಎಂದರು. ಹೊರಗೆ ಜಿಟಿಜಿಟಿ ಮಳೆ. ಹೊಸ ಬಣ್ಣದ ವಾಸನೆಯ ಕೆಳಗಿಂದ, ಕಿಟಕಿಯ ಮೂಲೆಯ ಕಡೆಯಿಂದ, ನಮಗೆಲ್ಲ ಚೆನ್ನಾಗಿ ಗೊತ್ತಿರುವ ಆ ಘಾಟು ಎದ್ದು ಬರುತ್ತಿತ್ತು. "ಹಿಂದೆ ಇದ್ದೋರು ನಾಲ್ಕು ಸಾಕಿದ್ರು. ಖಾಲಿ ಮಾಡಿ ಏಳು ತಿಂಗಳಾಯ್ತು. ತೊಳೆಸ್ದೆ, ಬಣ್ಣ ಹೊಡೆಸ್ದೆ. ಬಿಸಿಲಲ್ಲಿ ಏನೂ ಇರಲ್ಲ, ಮಳೆ ಬಂದ್ರೆ ವಾಪಸ್ ಬರುತ್ತೆ. ನಿಮ್ಮ ಹುಡುಗಿ ಒಳ್ಳೆಯವಳೇ, ಆದ್ರೆ ಬೆಕ್ಕು ಬೇಡ."

ಹೊರಗೆ ಬಂದ ಮೇಲೆ ಹುಡುಗಿ, "ಯಾರೋ ಮಾಡಿದ್ದಕ್ಕೆ ನನಗ್ಯಾಕೆ ಶಿಕ್ಷೆ ದೊಡ್ಡಮ್ಮ?" ಎಂದು ಅತ್ತಳು. ಏನು ಹೇಳಲಿ? ಆ ಹಿರಿಯರು ಸುಳ್ಳು ಹೇಳಿರಲಿಲ್ಲ. ಆ ಮನೆಯಲ್ಲಿದ್ದವರೂ ಕೆಟ್ಟವರಾಗಿರಲಾರರು. ಬೆಕ್ಕನ್ನು ಪ್ರೀತಿಸಿದವರೇ ಇರಬೇಕು. ಮನೆಗೆ ಬಂದವಳು ಆ ರಾತ್ರಿಯೇ ಈ ಪತ್ರ ಬರೆಯಲು ಕೂತೆ. ನನ್ನ ಮನೆಯಲ್ಲಿ ಐದು ಬೆಕ್ಕು, ಒಂದು ನಾಟಿ ನಾಯಿ, ಪಕ್ಕದ ಮನೆಯವರು ಊರು ಬಿಡುವಾಗ ಒಪ್ಪಿಸಿಹೋದ ಒಂದು ಜೊತೆ ಲವ್ ಬರ್ಡ್ಸ್ ಇವೆ. ಇಪ್ಪತ್ತು ವರ್ಷದಲ್ಲಿ ತಪ್ಪು ಮಾಡಿ ಕಲಿತದ್ದು ಬೇಕಾದಷ್ಟಿದೆ. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ನಮ್ಮ ಅಜ್ಜಿಯ ಕಾಲದಲ್ಲಿ ಬೆಕ್ಕಿನಿಂದ ಮನೆ ಗಲೀಜಾಗುತ್ತಿರಲಿಲ್ಲ. ನಮ್ಮ ಕಡೆ ಕೊತ್ತಿ ಎನ್ನುತ್ತಿದ್ದರು, ತುಳುವರು ಪುಚ್ಚೆ ಎನ್ನುತ್ತಾರೆ. ಎಲ್ಲ ಕಡೆಯೂ ಅದರ ದಿನಚರಿ ಒಂದೇ. ಅಟ್ಟದಲ್ಲಿ ಇಲಿ ಹಿಡಿಯುವುದು, ಒಲೆಯ ಪಕ್ಕ ಮಲಗುವುದು, ಹೊಟ್ಟೆ ಕೆಲಸಕ್ಕೆ ಹಿತ್ತಲಿಗೆ ಹೋಗುವುದು. ಬೂದಿ ರಾಶಿಯನ್ನೋ ಸಡಿಲ ಮಣ್ಣನ್ನೋ ಕೆದರಿ, ಕೂತು, ಮುಚ್ಚಿ ಬಂದುಬಿಡುತ್ತಿತ್ತು. ಮಿಕ್ಕದ್ದನ್ನು ಬಿಸಿಲು, ಮಳೆ, ಮಣ್ಣಿನ ಹುಳುಗಳು ನೋಡಿಕೊಳ್ಳುತ್ತಿದ್ದವು. ಈಗ ನಾವು ಅದನ್ನು ಎರಡನೆಯ ಮಹಡಿಗೆ ತಂದು, ಬಾಲ್ಕನಿಗೆ ಬಲೆ ಹಾಕಿ, ಟೈಲ್ಸ್ ನೆಲದ ಮೇಲೆ ಬಿಟ್ಟಿದ್ದೇವೆ. ಹಾಗೆ ಮಾಡಿದ್ದು ಸರಿಯೇ. ರಸ್ತೆಯ ಗಾಡಿಯಿಂದ, ನಾಯಿಹಿಂಡಿನಿಂದ, ಇಲಿ ಪಾಷಾಣದಿಂದ ಅದರ ಜೀವ ಉಳಿಯಿತು. ಆದರೆ ಬೆಕ್ಕು ಒಳಗೆ ಬಂತು, ಹಿತ್ತಲು ಬರಲಿಲ್ಲ. ಆ ಹಿತ್ತಲು ಮಾಡುತ್ತಿದ್ದ ಕೆಲಸ ಪೂರ್ತಿ ನಮ್ಮ ಮೇಲೆ ಬಿತ್ತು. ಮನೆ ನಾರುತ್ತಿದ್ದರೆ ಆ ಕೆಲಸ ಎಲ್ಲೋ ನಿಂತಿದೆ ಎಂದೇ ಅರ್ಥ.

ಆ ಬಾಡಿಗೆ ಮನೆಯ ಮೂಲೆಗೆ ಮತ್ತೆ ಹೋಗೋಣ. ಬೆಕ್ಕಿನ ಉಚ್ಚೆಯಲ್ಲಿ ಫೆಲಿನೈನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲ ಇರುತ್ತದೆ. ಬಿದ್ದ ಕ್ಷಣಕ್ಕೆ ಅಷ್ಟು ವಾಸನೆ ಇರದಿದ್ದರೂ ಅದು ಒಡೆಯುತ್ತ ಹೋದಂತೆ ಘಾಟು ಏರುತ್ತದೆ. ಆಪರೇಷನ್ ಆಗದ ಗಂಡಿನಲ್ಲಿ ಈ ವಸ್ತು ಬಹಳ ಹೆಚ್ಚು. ಇನ್ನೊಂದು, ಯೂರಿಕ್ ಆಮ್ಲ. ಅದು ನೀರಿಗೆ ಸುಲಭವಾಗಿ ಕರಗುವುದಿಲ್ಲ. ಹರಳಾಗಿ ಗಾರೆಯ ಸಂದಿನಲ್ಲಿ, ಟೈಲ್ಸಿನ ಜೋಡಿನಲ್ಲಿ, ಹಾಸಿಗೆಯ ಹತ್ತಿಯಲ್ಲಿ ಕೂತುಬಿಡುತ್ತದೆ. ನೆಲ ಒಣಗಿರುವಷ್ಟು ದಿನ ಸುಮ್ಮನಿರುತ್ತದೆ, ಗಾಳಿಯಲ್ಲಿ ತೇವ ಬಂದೊಡನೆ ವಾಸನೆ ಬಿಡುತ್ತದೆ. ಆ ಹಿರಿಯರು ಏಳು ತಿಂಗಳಿಂದ ಪಡುತ್ತಿರುವ ಪಾಡಿಗೆ ಕಾರಣ ಇಷ್ಟೇ. ಸೋಪಿನ ನೀರು ಹರಳನ್ನು ಮುಟ್ಟುವುದಿಲ್ಲ. ಬಣ್ಣ ಅದನ್ನು ಮುಚ್ಚುವುದಿಲ್ಲ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವದ ದ್ರಾವಣ, ಎನ್‌ಜೈಮ್ ಕ್ಲೀನರ್ ಅನ್ನುತ್ತಾರಲ್ಲ, ಅದು ಆ ಹರಳನ್ನು ಒಡೆಯುತ್ತದೆ. ಮೊದಲು ಹಳೇ ಪೇಪರ್ ಒತ್ತಿ ಹಸಿಯನ್ನೆಲ್ಲ ಹೀರಿಸಿ. ಉಜ್ಜಬೇಡಿ, ಬಿಸಿನೀರು ಸುರಿಯಬೇಡಿ. ದ್ರಾವಣವನ್ನು ಉಚ್ಚೆ ಎಷ್ಟು ದೂರ ಹರಿದಿರಬಹುದೋ ಅದಕ್ಕಿಂತ ಅಗಲಕ್ಕೆ ಸುರಿದು, ಹದಿನೈದು ನಿಮಿಷ ಬಿಟ್ಟು, ಒರೆಸಿ, ಗಾಳಿಗೆ ಒಣಗಲು ಬಿಡಿ. ಹಳೆಯ ಕಲೆ ಎಲ್ಲಿದೆ ಎಂದು ತಿಳಿಯದಿದ್ದರೆ ರಾತ್ರಿ ದೀಪ ಆರಿಸಿ ನೇರಳಾತೀತ ಟಾರ್ಚ್ ಹಿಡಿದು ನೋಡಿ. ಒಣಗಿದ ಉಚ್ಚೆ ಹಳದಿ ಹಸಿರಾಗಿ ಹೊಳೆಯುತ್ತದೆ. ನಾನು ಮೊದಲ ಸಲ ಹಾಗೆ ನೋಡಿದ ರಾತ್ರಿ ನನ್ನ ಸೋಫಾದ ಹಿಂದಿನ ಗೋಡೆ ನಕ್ಷತ್ರ ಮೆತ್ತಿದಂತೆ ಕಂಡಿತು. ಮನೆಗೆ ಬಂದವರ ಮೂಗಿಗೆ ಇದು ಎಷ್ಟು ದಿನದಿಂದ ತಿಳಿದಿತ್ತೋ ಎಂದು ತಲೆ ತಗ್ಗಿಸುವ ಹಾಗಾಯಿತು. ದಿನವೂ ಅದರೊಳಗೇ ಇರುವವರ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಹೊರಗಿನವರೊಬ್ಬರನ್ನು, ಮುಖ ನೋಡಿ ಮಾತಾಡದ ಸ್ನೇಹಿತರನ್ನು, ಕರೆದು ಕೇಳಿ.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳಬೇಕು. ವಾಸನೆ ಬಂದಾಗ ನಮ್ಮ ಕೈ ತಾನಾಗಿ ಹೋಗುವುದು ಫಿನಾಯಿಲ್ ಬಾಟಲಿಗೆ. ನಮ್ಮ ತಾಯಂದಿರಿಗೆ ಶುಚಿ ಅಂದರೆ ಆ ವಾಸನೆಯೇ. ಒಂದು ಶುಕ್ರವಾರ ಕಪ್ಪು ಫಿನಾಯಿಲನ್ನು ಗಟ್ಟಿಯಾಗಿ ಬೆರೆಸಿ ಹಾಲ್ ಪೂರ್ತಿ ಒರೆಸಿದೆ. ನೆಲ ಒಣಗುವ ಮುಂಚೆಯೇ ನಮ್ಮ ಬೆಕ್ಕು ಸುಬ್ಬಿ ಅದರ ಮೇಲೆ ನಡೆದು ಹೋಗಿ ಕಿಟಕಿಯಲ್ಲಿ ಕೂತು ಅಂಗಾಲು ನೆಕ್ಕಿಕೊಂಡಿತು. ಸಂಜೆಗೆ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ನಾಲಿಗೆ ಕೆಂಪಾಗಿ ಸುಲಿದುಹೋಗಿತ್ತು. ಮೂರು ದಿನ ಏನೂ ತಿನ್ನಲಿಲ್ಲ. ಉಳಿದುಕೊಂಡಿತು, ಪುಣ್ಯ. ಪಶುವೈದ್ಯರು ವಿವರಿಸಿದ ಮೇಲೆ ನನಗೆ ತಿಳಿದದ್ದು: ಫೀನಾಲ್ ಜಾತಿಯ ವಸ್ತುಗಳನ್ನು ಒಡೆದು ಹೊರಹಾಕುವ ಯಕೃತ್ತಿನ ಕಿಣ್ವ ಬೆಕ್ಕಿಗೆ ಹುಟ್ಟಿನಿಂದಲೇ ಸಾಕಷ್ಟಿಲ್ಲ. ನಾಯಿಗೆ ತಡೆಯುವುದು ಬೆಕ್ಕಿಗೆ ತಡೆಯುವುದಿಲ್ಲ. ಪ್ಯಾರಾಸಿಟಮಾಲ್ ವಿಷವಾಗುವುದೂ ಹೀಗೆಯೇ. ನಮ್ಮ ಜ್ವರದ ಒಂದೇ ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ದಯವಿಟ್ಟು ಯಾರೂ ಕೊಡಬೇಡಿ. ಬೀರುವಿನಲ್ಲಿ ಇಡುವ ನುಸಿಗುಳಿಗೆ, ದೇವರ ಮನೆಯ ಕರ್ಪೂರ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ಹೂವಿನ ಕುಂಡದಲ್ಲಿ ಲಿಲ್ಲಿ, ಇವೆಲ್ಲ ಬೆಕ್ಕಿಗೆ ಸಿಗದ ಹಾಗೆ ಇರಬೇಕು. ಅದರಲ್ಲೂ ಲಿಲ್ಲಿ. ಅದರ ಪರಾಗ ಮೈಗೆ ಅಂಟಿ ನೆಕ್ಕಿಕೊಂಡರೂ ಸಾಕು, ಮೂತ್ರಪಿಂಡ ಕೈಕೊಡುತ್ತದೆ.

ನಾನೀಗ ದಿನದ ನೆಲಕ್ಕೆ ಉಪಯೋಗಿಸುವುದು ಬರೀ ಪಾತ್ರೆ ತೊಳೆಯುವ ಸೋಪಿನ ಒಂದು ಚಮಚ, ಒಂದು ಬಕೆಟ್ ನೀರು, ಆಮೇಲೆ ಒಮ್ಮೆ ಬರೀ ನೀರು. ಕಾಯಿಲೆ ಬಂದಾಗ ಮಾತ್ರ ಬ್ಲೀಚ್. ಅದಕ್ಕೂ ಕಟ್ಟುಪಾಡಿದೆ. ಉಚ್ಚೆ ಇರುವ ಜಾಗಕ್ಕೆ ಬ್ಲೀಚ್ ನೇರ ಹಾಕಿದರೆ ಅಮೋನಿಯದೊಡನೆ ಸೇರಿ ವಿಷಗಾಳಿ ಏಳುತ್ತದೆ. ಟಾಯ್ಲೆಟ್ ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಗಾಳಿ. ಎರಡೂ ಮನುಷ್ಯರಿಗೇ ಅಪಾಯ. ಮೊದಲು ಸೋಪಿನಲ್ಲಿ ತೊಳೆದು, ನೀರು ಹಾಕಿ, ಆಮೇಲೆ ಬ್ಲೀಚ್.

ನಾನಿರುವುದು ಊದುಬತ್ತಿಯ ಊರಿನಲ್ಲಿ. ನನಗೂ ಆ ಪರಿಮಳ ಇಷ್ಟ. ಆದರೂ ಹೇಳುತ್ತೇನೆ, ಬೆಕ್ಕಿನ ವಾಸನೆ ಮುಚ್ಚಲು ಊದುಬತ್ತಿ ಹಚ್ಚಬೇಡಿ, ಸುವಾಸನೆಯ ಸ್ಪ್ರೇ ಹೊಡೆಯಬೇಡಿ. ಹೊಗೆ ಬೆಕ್ಕಿನ ಶ್ವಾಸಕೋಶಕ್ಕೆ ಕೆಟ್ಟದ್ದು. ಗೂಡಿನ ಹಕ್ಕಿಗೆ ಇನ್ನೂ ಕೆಟ್ಟದ್ದು. ಅದಕ್ಕಿಂತ ಹೆಚ್ಚಾಗಿ, ವಾಸನೆ ನಿಮಗೆ ಏನೋ ಹೇಳಲು ಬಂದಿರುತ್ತದೆ. ಅದರ ಬಾಯಿ ಮುಚ್ಚಿಸಿದರೆ ನಷ್ಟ ನಿಮಗೆ.

ಏನು ಹೇಳುತ್ತದೆ ಎನ್ನುವುದಕ್ಕೆ ನಮ್ಮ ಗಂಡು ಬೆಕ್ಕು ಕರಿಯನ ಕಥೆ ಕೇಳಿ. ನನ್ನ ಮನೆಯಲ್ಲಿ ಐದು ಬೆಕ್ಕಿಗೆ ಆರು ಟ್ರೇ. ಬೆಕ್ಕೆಷ್ಟೋ ಅಷ್ಟು, ಮೇಲೊಂದು. ಇದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಆರನ್ನೂ ಒಂದೇ ಕಡೆ ಸಾಲಾಗಿ ಇಟ್ಟರೆ ಬೆಕ್ಕಿನ ಕಣ್ಣಿಗೆ ಅದು ಒಂದೇ ಟ್ರೇ. ಜೋರು ಮಾಡುವ ಬೆಕ್ಕೊಂದು ದಾರಿಯಲ್ಲಿ ಕೂತರೆ ಮಿಕ್ಕವು ಸೋಫಾದ ಹಿಂದೆ ಹೋಗುತ್ತವೆ. ಆದ್ದರಿಂದ ನಮ್ಮಲ್ಲಿ ಎರಡು ಬಾಲ್ಕನಿಯಲ್ಲಿ, ಎರಡು ಯುಟಿಲಿಟಿಯಲ್ಲಿ, ಒಂದು ಮೆಟ್ಟಿಲ ಕೆಳಗೆ, ಒಂದು ನನ್ನ ಕೋಣೆಯಲ್ಲಿ. ಅಂಗಡಿಯಲ್ಲಿ ಮಾರುವ ಟ್ರೇಗಳು ದೊಡ್ಡ ಬೆಕ್ಕಿಗೆ ಸಾಲುವುದಿಲ್ಲ. ಬಟ್ಟೆ ತುಂಬಿಡುವ ಅಗಲದ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿ ಕತ್ತರಿಸಿ ಮಾಡಿಕೊಂಡಿದ್ದೇನೆ. ಒಳಗೆ ಬೆಂಟೊನೈಟ್ ಮಣ್ಣು, ಕಛ್ ಮತ್ತು ಬಾಡಮೇರಿನ ಕಡೆ ಸಿಗುವ ಜೇಡಿ. ಹಸಿ ತಾಗಿದ ಕಡೆ ಅದು ಉಂಡೆ ಕಟ್ಟುತ್ತದೆ.

ಬೆಳಿಗ್ಗೆ ಐದೂವರೆಗೆ, ಕಾಫಿಗೂ ಮುಂಚೆ, ಜರಡಿ ಸೌಟು ಹಿಡಿದು ಆರು ಟ್ರೇ ಸುತ್ತುತ್ತೇನೆ. ಉಂಡೆಗಳನ್ನು ಎಣಿಸುತ್ತೇನೆ. ರಾತ್ರಿ ಇನ್ನೊಂದು ಸುತ್ತು. ಎರಡೂ ಸೇರಿ ನನ್ನ ಮನೆಯಲ್ಲಿ ದಿನಕ್ಕೆ ಹದಿಮೂರು ಹದಿನಾಲ್ಕು ಉಂಡೆ. ಕರಿಯನದು ಯಾವಾಗಲೂ ಬಾಲ್ಕನಿಯ ಎಡಗಡೆ ಟ್ರೇ, ಅಂಗೈ ತುಂಬುವಂಥ ಉಂಡೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಲ್ಲಿ ಉಂಡೆಯೇ ಇಲ್ಲ. ಬಟಾಣಿ ಕಾಳಿನಷ್ಟು ಎರಡು ಚೂರು, ಒಂದರ ಮೇಲೆ ತಿಳಿ ಗುಲಾಬಿ ಬಣ್ಣ. ಹಿಂದಿರುಗಿ ನೋಡಿದರೆ ಕರಿಯ ಮತ್ತೆ ಬಂದು ಟ್ರೇಯಲ್ಲಿ ಕುಕ್ಕುರುಗಾಲಲ್ಲಿ ಕೂತಿತು. ಬಾಲ ನಡುಗುತ್ತಿತ್ತು. ಒಂದು ನಿಮಿಷ, ಎರಡು ನಿಮಿಷ. ಏನೂ ಬರಲಿಲ್ಲ. ಎದ್ದು ಹೋಗಿ ಹೊಟ್ಟೆಯ ಕೆಳಗೆ ನೆಕ್ಕಿಕೊಂಡು ಮತ್ತೆ ಬಂತು. ಮಲಬದ್ಧತೆ ಇರಬೇಕು, ಮಧ್ಯಾಹ್ನ ನೋಡೋಣ ಎಂದು ಮನೆಯಲ್ಲಿ ಹೇಳಿದರು. ನಾನು ಕಾಯಲಿಲ್ಲ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು, ಹರಳೋ ಲೋಳೆಯೋ ಅಡ್ಡ ಬಂದರೆ ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಎಂಟು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ನಳಿಕೆ ಹಾಕಿ ತೆಗೆದರು. ಇನ್ನು ಒಂದು ರಾತ್ರಿ ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ಕರಿಯ ಈಗ ನಾನು ಬರೆಯುತ್ತಿರುವ ಮೇಜಿನ ಮೇಲೆಯೇ ಮಲಗಿದೆ.

ಎರಡು ದಿನಕ್ಕೊಮ್ಮೆ ಟ್ರೇ ತೆಗೆಯುವ ಮನೆಯಾಗಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಹಲವು ಬೆಕ್ಕಿನ ಮನೆಯಲ್ಲಿ ಯಾವುದು ಉಚ್ಚೆ ಹೊಯ್ದಿಲ್ಲ, ಯಾವುದಕ್ಕೆ ಭೇದಿ, ಯಾವುದು ನೀರು ಹೆಚ್ಚು ಕುಡಿಯುತ್ತಿದೆ ಎಂಬುದು ಗುಂಪಿನಲ್ಲಿ ಕಳೆದುಹೋಗುತ್ತದೆ. ಬೆಕ್ಕು ತನ್ನ ನೋವನ್ನು ಬಚ್ಚಿಡುವ ಪ್ರಾಣಿ. ಅದು ಬಚ್ಚಿಡಲಾಗದ ಒಂದೇ ಜಾಗ ಈ ಟ್ರೇ. ಆದ್ದರಿಂದ ನಾನು ಆ ಕೆಲಸವನ್ನು ಮನೆಗೆಲಸದವರಿಗೆ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಶುಚಿ ಮಾಡುವುದು ಮತ್ತು ಆರೋಗ್ಯ ನೋಡುವುದು ಎರಡು ಬೇರೆ ಕೆಲಸವೆಂದು ನೀವು ತಿಳಿದಿದ್ದರೆ ದಯವಿಟ್ಟು ಆ ಯೋಚನೆ ಬಿಡಿ. ಅಭ್ಯಾಸವಾಗಿ ಟ್ರೇ ಉಪಯೋಗಿಸುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಹಾಸಿಗೆಯ ಮೇಲೆ ಹೊಯ್ದರೆ ಅದು ಹಠವಲ್ಲ, ಹಗೆಯಲ್ಲ. ನೋವಿರಬಹುದು, ಭಯವಿರಬಹುದು, ಟ್ರೇ ಕೊಳಕಿರಬಹುದು. ಹೊಡೆದರೆ, ಮೂತಿ ಉಜ್ಜಿದರೆ ಭಯ ಇಮ್ಮಡಿಯಾಗುತ್ತದೆ, ಮೂಲೆಗಳೂ ಇಮ್ಮಡಿಯಾಗುತ್ತವೆ.

ತಿನ್ನುವುದರ ಮಾತು ಬೇಗ ಮುಗಿಸುತ್ತೇನೆ. ಹಾಲು ಕಂಡು ಓಡಿದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳಿಯೂ ನಾವೆಲ್ಲ ಬೆಕ್ಕಿಗೆ ಹಾಲೇ ಊಟ ಎಂದು ನಂಬಿದವರು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ. ಭೇದಿಯಾಗುತ್ತದೆ, ಟ್ರೇ ನಾರುತ್ತದೆ. ಬೆಕ್ಕಿಗೆ ಟೌರಿನ್ ಎಂಬ ವಸ್ತು ಊಟದಿಂದಲೇ ಸಿಗಬೇಕು, ಅದು ಇರುವುದು ಮಾಂಸ ಮೀನಿನಲ್ಲಿ. ಬರೀ ಮೊಸರನ್ನದ ಮೇಲೆ ಬೆಳೆಸಿದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ನಾಯಿಯ ತಿಂಡಿಯೂ ಬೆಕ್ಕಿಗೆ ಸಾಲದು. ನಾನು ಮಡಿ ಮನೆಯಲ್ಲಿ ಬೆಳೆದವಳು. ಬೆಕ್ಕಿನ ಊಟಕ್ಕೆ ಬೇರೆ ಕಟ್ಟೆ, ಬೇರೆ ಪಾತ್ರೆ, ಬೇರೆ ಸ್ಪಂಜು ಇಟ್ಟುಕೊಂಡು ನಿಭಾಯಿಸುತ್ತಿದ್ದೇನೆ, ಆಗುತ್ತದೆ. ಪಾತ್ರೆ ಸ್ಟೀಲಿನದಿರಲಿ, ಪ್ಲಾಸ್ಟಿಕ್‌ನ ಗೀರುಗಳಲ್ಲಿ ಜಿಡ್ಡು ಕೂರುತ್ತದೆ. ನೀರಿನ ಬಟ್ಟಲು ಊಟದಿಂದ ದೂರ ಇದ್ದರೆ ಬೆಕ್ಕು ಹೆಚ್ಚು ಕುಡಿಯುತ್ತದೆ. ದಿನವೂ ಉಜ್ಜಿ ತೊಳೆದು ಬದಲಿಸಿ. 2024ರಲ್ಲಿ ನಮ್ಮ ರಾಜ್ಯ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಲಿ. ವಾರ ಕಾಲ ನಿಂತ ನೀರು, ಅದು ನಾಯಿಯ ಬಟ್ಟಲಾದರೂ, ಸೊಳ್ಳೆಯ ತೊಟ್ಟಿಲೇ.

ಈಗ ನನಗೆ ಬರೆಯಲು ಕಷ್ಟವಾಗುವ ಭಾಗ. ಎಂಟು ವರ್ಷದ ಹಿಂದೆ ಮಾರ್ಕೆಟ್ ಹತ್ತಿರ ನೆನೆಯುತ್ತ ಕೂತಿದ್ದ ಒಂದು ಮರಿಯನ್ನು ಸೆರಗಿನಲ್ಲಿ ಸುತ್ತಿ ತಂದೆ. ಒರೆಸಿ, ಬೆಚ್ಚಗೆ ಮಾಡಿ, ಮನೆಯಲ್ಲಿದ್ದ ಎರಡು ಮರಿಗಳ ಜೊತೆ ಅದೇ ಬುಟ್ಟಿಯಲ್ಲಿ ಮಲಗಿಸಿದೆ. ನಾಲ್ಕನೆಯ ದಿನ ಹೊಸದಕ್ಕೆ ವಾಂತಿ. ವಾರ ಕಳೆಯುವುದರೊಳಗೆ ಮೂರನ್ನೂ ಕಳೆದುಕೊಂಡೆ. ಪ್ಯಾನ್‌ಲ್ಯುಕೋಪೀನಿಯ, ಬೆಕ್ಕಿನ ಪಾರ್ವೊ ಎಂದು ನಮ್ಮ ಕಡೆ ಹೇಳುತ್ತಾರೆ. ಆ ವೈರಸ್ ಮನೆಯ ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು. ಸಾಮಾನ್ಯ ನೆಲ ಒರೆಸುವ ದ್ರಾವಣಕ್ಕೆ, ಕೈಗೆ ಹಚ್ಚುವ ಸ್ಯಾನಿಟೈಸರಿಗೆ ಸಾಯುವುದಿಲ್ಲ. ಮೊದಲು ತೊಳೆದ ನೆಲಕ್ಕೆ 32 ಪಾಲು ನೀರಿಗೆ ಒಂದು ಪಾಲು ಬ್ಲೀಚ್ ದ್ರಾವಣ ಬೆರೆಸಿ ಹಚ್ಚಿ ಹತ್ತು ನಿಮಿಷ ಹಸಿಯಾಗಿಯೇ ಬಿಡಬೇಕು. ಬುಟ್ಟಿ, ಕೌದಿ ಎಲ್ಲ ಸುಟ್ಟೆ. ಲಸಿಕೆ ಹಾಕಿಸಿದ್ದರೆ ಆ ಎರಡು ಮರಿಗಳು ಉಳಿಯುತ್ತಿದ್ದವು. ಮರಿಗೆ ಆರರಿಂದ ಎಂಟು ವಾರವಾದಾಗ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವ ತನಕ, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಮನೆಯಿಂದ ಹೊರಗೇ ಹೋಗದ ಬೆಕ್ಕಿಗೂ ಬೇಕು, ಯಾಕೆಂದರೆ ಪಾರ್ವೊ ವೈರಸ್ ನಮ್ಮ ಚಪ್ಪಲಿಯ ಮೇಲೆ ಬರಬಹುದು.

ಅಂದಿನಿಂದ ಹೊಸದಾಗಿ ಬಂದ ಯಾವ ಪ್ರಾಣಿಯಾದರೂ ನಮ್ಮ ಮನೆಯಲ್ಲಿ ಹದಿನಾಲ್ಕು ದಿನ ಬೇರೆ ಬಾತ್‌ರೂಮಿನಲ್ಲಿರುತ್ತದೆ. ಅದಕ್ಕೆ ಬೇರೆ ಟ್ರೇ, ಬೇರೆ ಬಟ್ಟಲು, ಬಾಗಿಲ ಹೊರಗೆ ನನ್ನದೊಂದು ಹಳೇ ನೈಟಿ, ಒಂದು ಜೊತೆ ಚಪ್ಪಲಿ. ಹಳೆಯವನ್ನು ನೋಡಿದ ಮೇಲೆ ಹೊಸದರ ಕೋಣೆಗೆ ಹೋಗುವುದು, ಬಂದು ಕೈಕಾಲು ತೊಳೆಯುವುದು. ಅಲ್ಲಿ ಅದು ಅಳುತ್ತದೆ, ನಮ್ಮ ಹೊಟ್ಟೆ ಚುರ್ ಅನ್ನುತ್ತದೆ. ಆದರೂ ಬಾಗಿಲು ತೆಗೆಯಬೇಡಿ.

ನಾಯಿಯೂ ಇರುವ ಮನೆಯವರಿಗೆ ಒಂದು ಎಚ್ಚರಿಕೆ. ಕಂದು ಉಣ್ಣೆ, ನಾಯಿಯ ಮೈಗೆ ಹತ್ತುವ ಆ ರಕ್ತ ಹೀರುವ ಹುಳ, ಮನೆಯೊಳಗೇ ಸಂಸಾರ ಹೂಡುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಕೆಳಗಿಳಿದು ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಅದನ್ನು ಕೊಲ್ಲಲು ನಾಯಿಯ ಕತ್ತಿಗೆ ಹಾಕುವ ಹನಿಗಳಲ್ಲಿ ಕೆಲವು ಪರ್ಮೆತ್ರಿನ್ ಇರುವಂಥವು. ನಾಯಿಗೆ ಅದು ಮದ್ದು, ಬೆಕ್ಕಿಗೆ ವಿಷ. ಸೆಳೆತ ಬಂದು ಸಾಯುತ್ತದೆ. ನಾಯಿಗೆ ಹಾಕಿದ ಮೇಲೆ ಬೆಕ್ಕು ಅದರ ಪಕ್ಕದಲ್ಲಿ ಮಲಗಿದರೂ ಅಪಾಯ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ, ಮನೆಯಲ್ಲಿ ಬೆಕ್ಕಿದೆ ಎಂದು ವೈದ್ಯರಿಗೆ ನೀವಾಗಿ ಹೇಳಿ. ಚಿಗಟದ ವಿಷಯದಲ್ಲಿ ಒಂದು ಪ್ರಾಣಿಗೆ ಮಾತ್ರ ಔಷಧಿ ಹಾಕಿದರೆ ಹಣ ದಂಡ. ಮೈಮೇಲೆ ಕಾಣುವುದು ಸ್ವಲ್ಪವೇ, ಮೊಟ್ಟೆ, ಹುಳು, ಗೂಡು ಎಲ್ಲ ಚಾಪೆ ಸೋಫಾಗಳಲ್ಲಿರುತ್ತವೆ. ಎಲ್ಲ ಪ್ರಾಣಿಗಳಿಗೂ ಒಂದೇ ದಿನ ಔಷಧಿ, ಅದೇ ದಿನ ಹಾಸುಗಳಿಗೆಲ್ಲ ಬಿಸಿನೀರು, ಸುಡುಬಿಸಿಲು. ಬೆಕ್ಕಿನ ಬಾಲದ ಕೆಳಗೆ ಅಕ್ಕಿಕಾಳಿನಂಥದು ಅಂಟಿದ್ದು ಕಂಡರೆ ಅದು ಚಿಗಟದಿಂದ ಬರುವ ಲಾಡಿಹುಳು. ಇನ್ನು ನಾಯಿಗಳಿಗೆ ಬೆಕ್ಕಿನ ಟ್ರೇಗೆ ಬಾಯಿ ಹಾಕುವ ಚಾಳಿ. ನಮ್ಮ ನಾಯಿ ರಾಜನಿಗೂ ಇತ್ತು. ಅದರ ಮೈ ತೂರದಷ್ಟು ಕಿರಿದಾದ ಸಂದು ಬಿಟ್ಟು ಬಾಲ್ಕನಿ ಬಾಗಿಲಿಗೆ ಕೊಕ್ಕೆ ಹಾಕಿಸಿದೆ, ನಿಂತಿತು.

ಲವ್ ಬರ್ಡ್ಸ್ ಗೂಡು ಬೆಕ್ಕು ಹೋಗದ ಕೋಣೆಯಲ್ಲೇ ಇರಬೇಕು. ಬೆಕ್ಕಿನ ಉಗುರಿನ ಒಂದು ಗೀರು ಸಾಕು, ಅದರ ಬಾಯಿಯ ಬ್ಯಾಕ್ಟೀರಿಯ ರಕ್ತಕ್ಕೆ ಸೇರಿ ಹಕ್ಕಿ ಸಾಯಬಹುದು. ಗೂಡಿನ ತಳದ ಪೇಪರನ್ನು ದಿನವೂ ಬದಲಿಸಿ, ಒಣಗಿಸಿ ಗುಡಿಸಬೇಡಿ, ನೀರು ಚಿಮುಕಿಸಿ ತೆಗೆಯಿರಿ. ಆ ಧೂಳು ನಮ್ಮ ಎದೆಗೆ ಹೋಗುತ್ತದೆ. ಗಿಣಿ ಸಾಕಿದವರು ಇದ್ದರೆ ಗಮನಿಸಿ, ನಮ್ಮ ಕಾಡಿನ ಗಿಣಿಗಳನ್ನು ಗೂಡಿನಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಮನೆಯಲ್ಲಿ ಸೊಸೆ ಬಸುರಿ ಎಂದು ಗೊತ್ತಾದ ದಿನ ಬೆಕ್ಕನ್ನು ಚೀಲದಲ್ಲಿ ಹಾಕಿ ಎಲ್ಲಿಗೋ ಬಿಟ್ಟುಬಂದವರನ್ನು ನಾನು ಕಂಡಿದ್ದೇನೆ. ಕೇಳಿದರೆ ಟಾಕ್ಸೊಪ್ಲಾಸ್ಮ ಎನ್ನುತ್ತಾರೆ. ಭಯ ನಿಜವಾದದ್ದೇ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಪೂರ್ತಿ ತಿಳಿದುಕೊಳ್ಳಿ. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಮಾತ್ರ ಆ ಜೀವಿಯನ್ನು ಮಲದಲ್ಲಿ ಬಿಡುತ್ತದೆ. ಬಿಟ್ಟದ್ದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ಟ್ರೇ ತೆಗೆದರೆ ಆ ದಾರಿ ಬಹುಮಟ್ಟಿಗೆ ಕಟ್ಟಿತು. ಬಸುರಿ ಹೆಣ್ಣುಮಗಳು ಆ ಕೆಲಸ ಮಾಡದಿರಲಿ, ಮನೆಯ ಗಂಡಸರು ಮಾಡಲಿ. ಹಸಿ ಮಾಂಸ ತಿನ್ನುವ ಅಭ್ಯಾಸವನ್ನು ಬೆಕ್ಕಿಗೆ ಮಾಡಿಸಬೇಡಿ. ತೊಳೆಯದ ತರಕಾರಿ, ಸರಿಯಾಗಿ ಬೇಯದ ಮಾಂಸ, ತೋಟದ ಮಣ್ಣು, ಇವುಗಳಿಂದಲೂ ಅದೇ ಸೋಂಕು ಬರುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಡಿ ಅಪರಾಧವೂ ಹೌದು. ಇನ್ನು ಯಾವ ಬೆಕ್ಕು ಪರಚಿದರೂ ಕಚ್ಚಿದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ ಮೆತ್ತಿ ಕೂರಬೇಡಿ.

ಟ್ರೇಯಿಂದ ತೆಗೆದದ್ದನ್ನು ಏನು ಮಾಡುತ್ತೀರಿ? ಕಮೋಡಿಗೆ ಹಾಕಿದರೆ ಜೇಡಿ ಉಬ್ಬಿ ಪೈಪು ಕಟ್ಟುತ್ತದೆ. ಹಸಿ ಕಸದ ಬಕೆಟ್ಟಿಗೆ ಸುರಿದರೆ ಅದನ್ನು ಕೈಯಿಂದ ಬೇರ್ಪಡಿಸುವವರು ನಮ್ಮ ಪೌರಕಾರ್ಮಿಕರು. ನಮ್ಮ ಮೈಸೂರು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೆ ಮೊದಲು ಬಂದದ್ದು ಅವರ ಕೈಯ ಕೆಲಸದಿಂದ. ನಮ್ಮ ಬೀದಿಗೆ ಬರುವ ಅಕ್ಕನನ್ನು ಒಮ್ಮೆ ಕೇಳಿದೆ, ಹೇಗೆ ಕೊಟ್ಟರೆ ಅನುಕೂಲ ಎಂದು. "ಪೇಪರಲ್ಲಿ ಎರಡು ಸುತ್ತು ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆ ಕೊಡಿ ಅಮ್ಮ, ನಾನು ಬಿಚ್ಚಲ್ಲ" ಎಂದಳು. ಅಷ್ಟು ಸುಲಭ. ತಿಂಗಳಿಗೆ ಸುಮಾರು ನಲವತ್ತು ಕಿಲೋ ಮಣ್ಣು ನಮ್ಮ ಮನೆಯಿಂದ ಹಾಗೆ ಹೋಗುತ್ತದೆ.

ಕಡೆಯದಾಗಿ, ಎಲ್ಲಕ್ಕಿಂತ ಭಾರವಾದ ಮಾತು. ನಮ್ಮ ಬಡಾವಣೆಯ ಹಿಂದಿನ ರಸ್ತೆಯಲ್ಲಿ ಒಬ್ಬಂಟಿಯಾಗಿದ್ದ ಒಬ್ಬ ತಾಯಿ ಎರಡು ಬೆಕ್ಕು ತಂದರು, ಒಂದು ಗಂಡು, ಒಂದು ಹೆಣ್ಣು. ಆಪರೇಷನ್ ಪಾಪ ಎಂದು ಅವರ ನಂಬಿಕೆ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರುತ್ತದೆ, ಬಸಿರು ಒಂಬತ್ತು ವಾರ, ಮೊಲೆಯೂಡುತ್ತಿರುವಾಗಲೇ ಮತ್ತೆ ಗರ್ಭ ಕಟ್ಟಬಹುದು. ಎರಡು ವರ್ಷದಲ್ಲಿ ಮನೆಯಲ್ಲಿ ಹತ್ತೊಂಬತ್ತು ಬೆಕ್ಕು. ಗಂಡುಗಳು ಗೋಡೆ ಗೋಡೆಗೆ ಉಚ್ಚೆ ಸಿಡಿಸುತ್ತಿದ್ದವು. ಪಕ್ಕದವರು ದೂರು ಕೊಟ್ಟಾಗ ನಾವು ನಾಲ್ವರು ಹೋದೆವು. ಬಾಗಿಲು ತೆಗೆದರೆ ಅಮೋನಿಯಕ್ಕೆ ಕಣ್ಣು ಉರಿಯಿತು. ಮರಿಗಳ ಕಣ್ಣು ಕೀವು ಕಟ್ಟಿ ಅಂಟಿಕೊಂಡಿದ್ದವು. ಅವುಗಳ ನಡುವೆ ಕೂತು ಆ ತಾಯಿ ತನ್ನ ಊಟದ ತಟ್ಟೆಯಿಂದಲೇ ತುತ್ತು ಹಾಕುತ್ತಿದ್ದರು. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಕೈ ಎರಡೇ ಇದ್ದವು. ಐದು ತಿಂಗಳು ಹಿಡಿಯಿತು, ಎಲ್ಲಕ್ಕೂ ಆಪರೇಷನ್ ಮಾಡಿಸಲು, ಹನ್ನೊಂದಕ್ಕೆ ಮನೆ ಹುಡುಕಲು. ನಾಲ್ಕು ಉಳಿಯಲಿಲ್ಲ. ಮಿಕ್ಕ ನಾಲ್ಕು ಇವತ್ತು ಅವರ ಜೊತೆ ಚೊಕ್ಕಟವಾದ ಮನೆಯಲ್ಲಿವೆ.

ನಾನು ಐದಕ್ಕೆ ನಿಲ್ಲಿಸಿದ್ದೇನೆ. ನನ್ನ ಮೊಣಕಾಲು ಆರು ಟ್ರೇಗಿಂತ ಹೆಚ್ಚು ಬಗ್ಗುವುದಿಲ್ಲ, ನನ್ನ ಪಿಂಚಣಿ ಐದು ಲಸಿಕೆಗಿಂತ ಹೆಚ್ಚು ಸಹಿಸುವುದಿಲ್ಲ. ಬೀದಿಯಲ್ಲಿ ಮರಿ ಅತ್ತರೆ ಈಗ ಅನ್ನ ಹಾಕುತ್ತೇನೆ, ಆಪರೇಷನ್ ಮಾಡಿಸುತ್ತೇನೆ, ಮನೆ ಹುಡುಕುತ್ತೇನೆ. ಒಳಗೆ ತರುವುದಿಲ್ಲ. ನಿಮ್ಮ ಸಂಖ್ಯೆ ಎರಡಿರಬಹುದು, ಹತ್ತಿರಬಹುದು. ಅದನ್ನು ನಿಮ್ಮ ಮೈಯ ಶಕ್ತಿ ಮತ್ತು ಕೈಯ ದುಡ್ಡನ್ನು ಕೇಳಿ ಗೊತ್ತು ಮಾಡಿಕೊಳ್ಳಿ.

ಬಾಡಿಗೆ ಮನೆ ಖಾಲಿ ಮಾಡುವವರಲ್ಲಿ ಒಂದು ಬೇಡಿಕೆ. ಹೊರಡುವ ಹಿಂದಿನ ರಾತ್ರಿ ಆ ಟಾರ್ಚ್ ಹಿಡಿದು ಒಮ್ಮೆ ಗೋಡೆ ನೋಡಿ, ಕಂಡದ್ದನ್ನು ತೊಳೆದು ಹೋಗಿ. ನಿಮ್ಮ ಹಿಂದೆ ಬೆಕ್ಕಿನ ಬುಟ್ಟಿ ಹಿಡಿದು ಇನ್ನೊಬ್ಬ ಹುಡುಗಿ ಅದೇ ಬಾಗಿಲಿಗೆ ಬರುತ್ತಾಳೆ. ನನ್ನ ತಂಗಿಯ ಮಗಳಿಗೆ ಇನ್ನೂ ಮನೆ ಸಿಕ್ಕಿಲ್ಲ. ಆ ಹಿರಿಯರಿಗೆ ಫೋನ್ ಮಾಡಿ, ಒಂದು ಕ್ಯಾನ್ ಕಿಣ್ವದ ದ್ರಾವಣ ತಂದು ಆ ಮೂಲೆಯನ್ನು ನಾನೇ ತೊಳೆದುಕೊಡುತ್ತೇನೆ, ವಾಸನೆ ಹೋದರೆ ಅವಳಿಗೆ ಮನೆ ಕೊಡುತ್ತೀರಾ ಎಂದು ಕೇಳಿದ್ದೇನೆ. ಭಾನುವಾರ ಬನ್ನಿ ಎಂದಿದ್ದಾರೆ.

ನಿಮ್ಮ ಮನೆಯಲ್ಲಿ ಆಪರೇಷನ್ ಆಗದ ಬೆಕ್ಕು ಒಂದೇ ಒಂದು ಇದ್ದರೂ, ನಾಳೆ ಬೆಳಿಗ್ಗೆ ಟ್ರೇ ತೆಗೆದ ಕೂಡಲೇ ನಿಮ್ಮ ಪಶುವೈದ್ಯರಿಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.

ಇಂತಿ ನಿಮ್ಮವಳೇ ಆದ,
ಕುವೆಂಪುನಗರದ ಐದು ಬೆಕ್ಕಿನ ಮನೆಯಾಕೆ